ಮೋಡ ಬಂದರೆ ಬಣ್ಣ ಬೇರೆ

ಪ್ಯಾರಿಸ್ಸಿಗೆ ಹೋಗಿಬಂದವರು ಒಂದೇ ದಿನದಲ್ಲಿ ನಾಲ್ಕು ಮ್ಯೂಸಿಯಂ ಮುಗಿಸಿದೆವು ಎಂದರೆ ನನಗೆ ಕಾಲು ನೋಯತೊಡಗುತ್ತದೆ. ನನ್ನ ಲೆಕ್ಕ ದಿನಕ್ಕೆ ಎರಡು. ಈ ಸಲ ನವೆಂಬರಿನ ಒಂದು ಬುಧವಾರ ಆರಿಸಿಕೊಂಡೆ. ಒರಾಂಜರಿಗೆ ಮಂಗಳವಾರ ರಜೆ, ನಗರದ ಆಧುನಿಕ ಕಲಾ ಮ್ಯೂಸಿಯಮ್ಮಿಗೆ ಸೋಮವಾರ. ಇದು ತಿಳಿಯದೆ ಮುಚ್ಚಿದ ಬಾಗಿಲು ನೋಡಿ ಹಿಂದಿರುಗಿದವರಲ್ಲಿ ನಾನೂ ಒಬ್ಬ.

ಒರಾಂಜರಿ ಎಂದರೆ ಕಿತ್ತಳೆ ಗಿಡಗಳ ಮನೆ. ತ್ವಿಲರಿ ಉದ್ಯಾನದ ಗಿಡಗಳನ್ನು ಚಳಿಯಿಂದ ಕಾಯಲು 1852ರಲ್ಲಿ ಕಟ್ಟಿದ್ದು. ಈಗ ಅಲ್ಲಿರುವುದು ಚಿತ್ರಕಾರ ಕ್ಲೋದ್ ಮೊನೆ ಬರೆದ ನೈದಿಲೆಗಳು. ದಯವಿಟ್ಟು ತಾವರೆ ಅನ್ನಬೇಡಿ. ತಾವರೆಯ ಎಲೆ ನೀರು ಬಿಟ್ಟು ತಲೆಯೆತ್ತುತ್ತದೆ, ನೈದಿಲೆಯದು ನೀರಿಗೇ ಅಂಟಿಕೊಂಡು ತೇಲುತ್ತದೆ. ಆಕಾಶವನ್ನೂ ಕೊಳವನ್ನೂ ಒಂದೇ ಹಾಳೆಯಾಗಿ ಹಾಸಲು ಮೊನೆಗೆ ಬೇಕಾಗಿದ್ದುದು ಈ ಅಂಟೇ.

ಮೊದಲ ಮಹಾಯುದ್ಧ ನಿಂತ ಮಾರನೆಯ ದಿನ, 1918ರ ನವೆಂಬರ್ 12ರಂದು, ಆತ ಗೆಳೆಯನೂ ಪ್ರಧಾನಿಯೂ ಆಗಿದ್ದ ಕ್ಲೆಮಾನ್ಸೊಗೆ ಪತ್ರ ಬರೆದು ಎರಡು ಚಿತ್ರಗಳನ್ನು ದೇಶಕ್ಕೆ ಕೊಡುತ್ತೇನೆಂದ. ಎರಡೆಂದದ್ದು ಬೆಳೆಬೆಳೆದು ಎರಡು ಅಂಡಾಕಾರದ ಕೋಣೆಗಳಾಯಿತು: ಎಂಟು ಚಿತ್ರ, ಎತ್ತರ ಸುಮಾರು 2 ಮೀಟರ್, ಎಲ್ಲ ಕೂಡಿದರೆ ಉದ್ದ 100 ಮೀಟರಿಗೆ ಹತ್ತಿರ. ನಡುವೆ ಕಣ್ಣಿಗೆ ಪೊರೆ ಬಂತು, 1923ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. 1926ರ ಡಿಸೆಂಬರಿನಲ್ಲಿ ತೀರಿಕೊಂಡ. ಕೋಣೆಗಳ ಬಾಗಿಲು ತೆರೆದದ್ದು ಮರುವರ್ಷ.

ಬೆಂಚಿನ ಮೇಲೆ ಕೂತೆ. ಮಾಡಿಗೆ ಕಟ್ಟಿದ ಬಿಳಿ ಬಟ್ಟೆಯಿಂದ ಹಗಲು ಸೋಸಿ ಇಳಿಯುತ್ತಿತ್ತು. ಹತ್ತು ನಿಮಿಷ ಕಳೆದಿರಬೇಕು, ಹೊರಗೆ ಮೋಡ ಬಂದಿರಬೇಕು: ಗುಲಾಬಿ ಇದ್ದ ಕಡೆ ಬೂದಿ ಹರಡಿತು, ಅಷ್ಟು ಹೊತ್ತು ಕಾಣದಿದ್ದ ಒಂದು ಹಸಿರು ಆಳದಿಂದ ಎದ್ದಿತು. ಮೋಡ ಸರಿದಾಗ ಅದು ಮತ್ತೆ ಮುಳುಗಿತು. ಹೊರಗೆ ಮೋಡದ ದಿನವೆಂದು ಪ್ರವಾಸ ಮುಂದೂಡುವವರಿಗೆ ಏನು ಹೇಳಲಿ?

ಈ ಬೆಳಕನ್ನೂ ಒಮ್ಮೆ ಕಳೆದುಕೊಂಡಿದ್ದರು. 1960ರ ದಶಕದಲ್ಲಿ ಇನ್ನೊಂದು ಸಂಗ್ರಹಕ್ಕೆ ಜಾಗ ಬೇಕೆಂದು ಮೇಲೊಂದು ಅಂತಸ್ತು ಎಬ್ಬಿಸಿದರು, ಮಾಡಿನ ಬೆಳಕು ಮುಚ್ಚಿತು. ಆ ಸಂಗ್ರಹವನ್ನು ನೆಲಮಾಳಿಗೆಗೆ ಇಳಿಸಿ 2006ರಲ್ಲಿ ಕಟ್ಟಡವನ್ನು ಮತ್ತೆ ತೆರೆಯುವವರೆಗೂ ಜನ ಹಗಲಿನ ಚಿತ್ರವನ್ನು ದೀಪ ಹಚ್ಚಿಕೊಂಡು ನೋಡಿದರು.

ದೀಪ ಅಂದೆನಲ್ಲ, ಮಧ್ಯಾಹ್ನದ ಚಿತ್ರ ಅದರದೇ. ಸೆನ್ ನದಿಯ ದಂಡೆ ಹಿಡಿದು ನಡೆದು ಆಧುನಿಕ ಕಲಾ ಮ್ಯೂಸಿಯಂ ಸೇರಿದೆ. ಶಾಶ್ವತ ಸಂಗ್ರಹಕ್ಕೆ ಟಿಕೆಟ್ಟಿಲ್ಲ. ರೌಲ್ ದ್ಯುಫಿಯ ‘ವಿದ್ಯುತ್ ಯಕ್ಷಿಣಿ’ 250 ಹಲಗೆಗಳ ಮೇಲೆ 10 ಮೀಟರ್ ಎತ್ತರ, 60 ಮೀಟರ್ ಉದ್ದಕ್ಕೆ ಬಾಗಿ ನಿಂತಿದೆ. ಬರೆಸಿದ್ದು ಒಂದು ವಿದ್ಯುತ್ ಕಂಪನಿ, 1937ರ ಅಂತರರಾಷ್ಟ್ರೀಯ ಪ್ರದರ್ಶನಕ್ಕೆ. ನಡುವೆ ಗ್ರೀಕ್ ದೇವತೆಗಳು, ಅವರ ಪಕ್ಕದಲ್ಲೇ ವಿದ್ಯುತ್ ಯಂತ್ರಗಳು. ಕೆಳಗೆ ನೂರಕ್ಕೂ ಮಿಕ್ಕಿ ವಿಜ್ಞಾನಿಗಳು, ಜಾತ್ರೆಯಲ್ಲಿ ತಪ್ಪಿಹೋದ ನೆಂಟರಂತೆ ನಿಂತಿದ್ದಾರೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ತಂತಿ ಎಳೆದ ಸೀಮೆಯವನು ನಾನು, ಮುಖ ಮುಖ ಹುಡುಕುತ್ತಾ ಕುತ್ತಿಗೆ ನೋಯಿಸಿಕೊಂಡೆ. ಜಾಹೀರಾತೇ ಹೌದು. ಆದರೆ ಬಣ್ಣ ಗೆರೆಯನ್ನು ದಾಟಿ ಹರಿಯುವ ಆ ಧಾರಾಳತನಕ್ಕೆ ಮನಸ್ಸು ಸೋತಿತು. ಒಂದೇ ಕೊರತೆ: ಎಷ್ಟು ಹೊತ್ತು ಕೂತರೂ ಏನೂ ಬದಲಾಗಲಿಲ್ಲ. ಗಂಟೆ ಎಷ್ಟೆಂದು ತಿಳಿಯಲು ಕೈಗಡಿಯಾರ ನೋಡಬೇಕಾಯಿತು.

ನಾಲ್ಕಾಗಿತ್ತು. ನವೆಂಬರಿನಲ್ಲಿ ಅಲ್ಲಿ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ದಾಪುಗಾಲು ಹಾಕಿ ಒರಾಂಜರಿಗೆ ವಾಪಸ್ ಬಂದು ಇನ್ನೊಂದು ಟಿಕೆಟ್ ಕೊಂಡೆ. ದಿನಕ್ಕೆ ಎರಡು ಎಂಬ ಲೆಕ್ಕ ಅಲ್ಲಿಗೆ ಮುರಿಯಿತು. ಬೆಳಗ್ಗೆ ಕೂತಿದ್ದ ಬೆಂಚಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ನನ್ನ ಏದುಸಿರು ಕೇಳಿ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಬೆಳಗಿನ ಹಸಿರನ್ನು ಹುಡುಕಿದೆ. ಅದಿದ್ದ ಕಡೆ ಈಗ ಕತ್ತಲು ನೇರಳೆ ಬಣ್ಣದಲ್ಲಿ ಕೂಡುತ್ತಿತ್ತು.