ಹಸಿ ಗಾರೆಯ ಮೇಲೆ ಮೊಸ್ಕೇನಿ

ಮಂಗಳೂರಿನ ಲೈಟ್‌ಹೌಸ್ ಹಿಲ್ ಮೇಲೆ ಜೆಸ್ವಿಟರು 1880ರ ದಶಕದಲ್ಲಿ ಕಟ್ಟಿಸಿದ ಸಂತ ಅಲೋಶಿಯಸ್ ಚಾಪೆಲ್ ಹೊರಗಿನಿಂದ ಅಷ್ಟೇನೂ ಸೆಳೆಯುವುದಿಲ್ಲ. ಒಳಗೆ ಹೋಗಿ ತಲೆಯೆತ್ತಿದರೆ ಮಾತೇ ಹೊರಡದು. ಇಟಲಿಯಿಂದ ಬಂದ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರಿಂದ ಎರಡು ವರ್ಷ ದುಡಿದು ಗೋಡೆ, ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಕೆಲವು ಕ್ಯಾನ್ವಾಸಿನ ತೈಲಚಿತ್ರಗಳು, ಉಳಿದವು ಫ್ರೆಸ್ಕೊ. ಫ್ರೆಸ್ಕೊ ಎಂದರೆ ಸುಣ್ಣದ ಗಾರೆ ಹಸಿಯಿರುವಾಗಲೇ ಬರೆದು ಮುಗಿಸಬೇಕು. ಒಣಗಿದ ಮೇಲೆ ಅಳಿಸಿ ತಿದ್ದುವ ಮಾತಿಲ್ಲ. ಬಣ್ಣ ಗಾರೆಯೊಂದಿಗೇ ಗಟ್ಟಿಯಾಗಿ ಗೋಡೆಯದೇ ಭಾಗವಾಗುತ್ತದೆ. ಎಂಥ ನಿಶ್ಚಲವಾದ ಕೈ ಅದು! ಛಾವಣಿಯ ನಡುಸಾಲಿನಲ್ಲಿ ಅಲೋಶಿಯಸ್ ಗೊನ್ಜಾಗರ ಬದುಕಿದೆ. ಸಿರಿತನ ತೊರೆದ ಆ ತರುಣ ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಆರೈಕೆ ಮಾಡಿ 1591ರಲ್ಲಿ, 23ರ ವಯಸ್ಸಿಗೇ ತೀರಿಕೊಂಡವರು. ಕರಾವಳಿಯ ಮಳೆ, ಉಪ್ಪುಗಾಳಿಗೆ ಮಾಸಿದ್ದ ಚಿತ್ರಗಳನ್ನು 1990ರ ದಶಕದಲ್ಲಿ ತಜ್ಞರು ಜತನದಿಂದ ಸರಿಪಡಿಸಿದರು. ಮಂಗಳೂರಿಗೆ ಹೋದಾಗ ಬೀಚಿಗೆ ಹೊರಡುವ ಮುನ್ನ ಇಲ್ಲೊಂದು ಗಂಟೆ ಕೂತು ಬನ್ನಿ.