ಖಾಲಿ ಬಿಟ್ಟ ಕಡೆ ಸೊನ್ನೆ ಬರೆಯಬೇಡಿ

ವೆಬ್ ಫಾರ್ಮಿನಲ್ಲಿ ವಯಸ್ಸು ತುಂಬದೆ ಸಬ್ಮಿಟ್ ಒತ್ತಿದರೆ ಸಾಮಾನ್ಯವಾಗಿ ಡೇಟಾಬೇಸಿನತ್ತ ಹೋಗುವುದು ಒಂದಕ್ಷರವೂ ಇಲ್ಲದ ಖಾಲಿ ಸ್ಟ್ರಿಂಗ್. ಅತ್ತ ಕಾದಿರುವುದು ಪೂರ್ಣಾಂಕವನ್ನಷ್ಟೇ ಬಯಸುವ ಇಂಟಿಜರ್ ಕಾಲಂ. ಇಲ್ಲಿ ಒಂದೊಂದು ಡೇಟಾಬೇಸಿನದೂ ಒಂದೊಂದು ದಾರಿ. ಪೋಸ್ಟ್‌ಗ್ರೆಸ್ ಎರರ್ ಕೊಟ್ಟು ತಿರಸ್ಕರಿಸುತ್ತದೆ. ಎಸ್‌ಕ್ಯೂಎಲ್ ಸರ್ವರ್ ಸದ್ದಿಲ್ಲದೆ ಸೊನ್ನೆ ಮಾಡಿಕೊಳ್ಳುತ್ತದೆ. ಒರಾಕಲ್ ಅದನ್ನು ನಲ್ ಎಂದೇ ಎಣಿಸುತ್ತದೆ. ಮೈಎಸ್‌ಕ್ಯೂಎಲ್ ಬಹುಕಾಲ ಬರೀ ಒಂದು ವಾರ್ನಿಂಗ್ ಕೊಟ್ಟು ಸೊನ್ನೆ ಬರೆಯುತ್ತಿತ್ತು, 2015ರ 5.7 ಆವೃತ್ತಿಯಿಂದ ಸ್ಟ್ರಿಕ್ಟ್ ಮೋಡ್ ಮೊದಲಿನಿಂದಲೇ ಚಾಲೂ ಇರುವುದರಿಂದ ಅದೂ ಈಗ ತಡೆಯುತ್ತದೆ. ತಡೆಯುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮೂವರಲ್ಲಿ ಇಬ್ಬರು 40, 60 ಎಂದು ಬರೆದು ಮೂರನೆಯವರು ಖಾಲಿ ಬಿಟ್ಟರೆ, ನಲ್ ಇಟ್ಟ ಕಾಲಮಿನ ಸರಾಸರಿ 50. ಸೊನ್ನೆ ಇಟ್ಟರೆ 33 ಚಿಲ್ಲರೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ತುಂಬಿದ ವರ್ಷಗಳ ಲೆಕ್ಕದಲ್ಲಿ ಎಂಟು ತಿಂಗಳ ಕೂಸಿನ ವಯಸ್ಸು ನಿಜಕ್ಕೂ ಸೊನ್ನೆ. ಲಸಿಕೆಯ ಪಟ್ಟಿಯಲ್ಲಿ ಆ ಕೂಸೂ ವಯಸ್ಸು ಹೇಳದ ಅಜ್ಜಿಯೂ ಒಂದೇ ಸಾಲಿಗೆ ಬರುತ್ತಾರೆ.

ನಲ್ ಎಂದರೆ ತಲೆನೋವು ಎನ್ನುವವರಿದ್ದಾರೆ, ಅವರ ಮಾತು ಸುಳ್ಳಲ್ಲ. ನಲ್‌ಗೆ ನಲ್ ಸಮವೇ ಎಂದು ಕೇಳಿದರೆ ಹೌದು, ಅಲ್ಲ ಎರಡೂ ಬರುವುದಿಲ್ಲ, 'ಗೊತ್ತಿಲ್ಲ' ಎಂದು ಬರುತ್ತದೆ. ನಾಟ್ ಇನ್ ಒಳಗಿನ ಪಟ್ಟಿಯಲ್ಲಿ ಒಂದೇ ಒಂದು ನಲ್ ಸೇರಿಕೊಂಡರೂ ಕ್ವೆರಿಗೆ ಒಂದು ಸಾಲೂ ಸಿಗುವುದಿಲ್ಲ. ರಿಲೇಷನಲ್ ಮಾದರಿಯ ಜನಕ ಕಾಡ್ ನಲ್ ಬೇಕೆಂದರೆ, ಆ ಮಾದರಿಯನ್ನು ಜನಪ್ರಿಯಗೊಳಿಸಿದ ಕ್ರಿಸ್ ಡೇಟ್ ಬೇಡವೇ ಬೇಡ ಎಂದು ದಶಕಗಳ ಕಾಲ ವಾದಿಸಿದರು. ಆದರೆ ಈ ತೊಡಕುಗಳೆಲ್ಲ ಕ್ವೆರಿ ಬರೆಯುವಾಗಿನವು; ನಾಟ್ ಎಕ್ಸಿಸ್ಟ್ಸ್ ಬಳಸಿಯೋ ಈಸ್ ನಲ್ ಎಂದು ಕೇಳಿಯೋ ದಾಟಬಹುದು. ಸೊನ್ನೆಯಾಗಿ ಒಳಹೋದ ಖಾಲಿಯನ್ನು ಯಾವ ಕ್ವೆರಿಯೂ ಮರಳಿ ಹುಡುಕಲಾರದು. ಖಾಲಿ ಬಿಟ್ಟಿದ್ದು ಏಕೆಂದು ನಲ್ ಹೇಳುವುದಿಲ್ಲವಲ್ಲ ಎಂದರೆ, ಕಾರಣ ಮುಖ್ಯವಿದ್ದ ಕಡೆ ಅದಕ್ಕೇ ಇನ್ನೊಂದು ಕಾಲಂ ಇಡಬೇಕು. ತಪ್ಪಿದ ಲಾಗಿನ್‌ಗಳ ಎಣಿಕೆಯಂಥ, ಸೊನ್ನೆಯಿಂದಲೇ ಶುರುವಾಗುವ ಲೆಕ್ಕಕ್ಕೆ ಮಾತ್ರ ನಾಟ್ ನಲ್, ಡಿಫಾಲ್ಟ್ ಸೊನ್ನೆ ಒಪ್ಪುತ್ತದೆ.

ಹಾಗಾಗಿ ಎರರ್ ಬಂತೆಂದು ಸ್ಟ್ರಿಕ್ಟ್ ಮೋಡ್ ಆಫ್ ಮಾಡಬೇಡಿ. ಡೇಟಾ ಒಳಬರುವಲ್ಲೇ ಟ್ರಿಮ್ ಮಾಡಿ, ನಲ್‌ಇಫ್‌ನಿಂದ ಖಾಲಿ ಸ್ಟ್ರಿಂಗನ್ನು ನಲ್ ಆಗಿಸಿ, ಆಮೇಲೆ ಇಂಟಿಜರಿಗೆ ಬದಲಿಸಿ. ವರದಿಯಲ್ಲಿ ಸೊನ್ನೆ ಕಾಣಲೇಬೇಕೆಂದಿದ್ದರೆ ಕೋಲೆಸ್ ಅಲ್ಲಿ ಬಳಸಿ, ಟೇಬಲ್ಲಿಗೆ ತುಂಬುವಾಗ ಬೇಡ.