ಅಲೆ ಅನ್ನೋ ಸೋಮಾರಿ ಪದ

ಲೋಕಸಭೆ ಫಲಿತಾಂಶದ ದಿನ ಟೀವಿ ಸ್ಟುಡಿಯೋಗಳಲ್ಲಿ ಅತಿ ಹೆಚ್ಚು ದುಡಿಯುವ ಪದ 'ಅಲೆ'. ಗೆದ್ದರೆ ಅಲೆ ಇತ್ತು, ಸೋತರೆ ಅಲೆ ಇರಲಿಲ್ಲ, ಕೂದಲೆಳೆಯಲ್ಲಿ ಗೆದ್ದರೆ ಅದು ಗುಪ್ತ ಅಲೆ. ನಮ್ಮೂರು ನಂಜನಗೂಡು ಕಡೆಯದು, ಕೆಲಸ ಬೆಂಗಳೂರಲ್ಲಿ. ಸಮುದ್ರ ಕಾಣದ ನಂಜನಗೂಡು, ಟಿ. ನರಸೀಪುರದ ಮತವನ್ನೂ ಈ ಒಂದೇ ಪದದಲ್ಲಿ ಮುಗಿಸಿಬಿಡೋದು ನೋಡಿದಾಗೆಲ್ಲ ನನಗೆ ರೇಗುತ್ತೆ.

ಮೊದಲು ಒಂಚೂರು ಭೂಗೋಳ. ಈ ಎರಡೂ ತಾಲ್ಲೂಕು ಮೈಸೂರು ಜಿಲ್ಲೆಯವು, ಆದರೆ ಲೋಕಸಭೆಗೆ ಬಂದರೆ ಚಾಮರಾಜನಗರ ಮೀಸಲು ಕ್ಷೇತ್ರದವು. ಎಚ್.ಡಿ. ಕೋಟೆ, ವರುಣ ಕೂಡ ಹಾಗೇ. 2024ರಲ್ಲಿ ಕ್ಯಾಮೆರಾಗಳೆಲ್ಲ ಅರಮನೆ ಮುಂದೆ ನಿಂತಿದ್ದವು. ಮೈಸೂರು-ಕೊಡಗಿನಲ್ಲಿ ಬಿಜೆಪಿಯ ಯದುವೀರ್ ಒಡೆಯರ್ 1.39 ಲಕ್ಷ ಮತಗಳ ಅಂತರದಲ್ಲಿ ಗೆದ್ದರು. ಅರಮನೆಯಿಂದ ಇಪ್ಪತ್ತೈದು ಕಿಲೋಮೀಟರ್ ಒಳಗಿರುವ ನಂಜನಗೂಡು ಸೇರಿದ ಪಕ್ಕದ ಕ್ಷೇತ್ರದಲ್ಲಿ ಅದೇ ದಿನ ಕಾಂಗ್ರೆಸ್ಸಿನ ಸುನಿಲ್ ಬೋಸ್ 1.88 ಲಕ್ಷ ಮತಗಳ ಅಂತರದಲ್ಲಿ ಗೆದ್ದರು. ಈಗ ಹೇಳಿ, ಯಾವ ಅಲೆ? ಕಪಿಲಾ ಸೇತುವೆ ಹತ್ತಿರ ಬಂದು ಅದೇನಾದರೂ ಯೂ-ಟರ್ನ್ ತಗೊಂಡಿತಾ?

2019 ಇನ್ನೂ ಮಜಾ. ಕರ್ನಾಟಕದ 28ರಲ್ಲಿ 25 ಸೀಟು ಬಿಜೆಪಿಗೆ ಬಂದ ವರ್ಷ ಅದು. ಅಂಥ ವರ್ಷದಲ್ಲೂ ಚಾಮರಾಜನಗರದಲ್ಲಿ ವಿ. ಶ್ರೀನಿವಾಸ ಪ್ರಸಾದ್ ಅವರು ಆರ್. ಧ್ರುವನಾರಾಯಣ ಅವರ ಮೇಲೆ ಗೆದ್ದಿದ್ದು 1,817 ಮತಗಳಲ್ಲಿ. ನೋಟಾಕ್ಕೆ ಬಿದ್ದ ಮತಗಳೇ ಅದಕ್ಕಿಂತ ಜಾಸ್ತಿ. ಬಿಎಸ್‌ಪಿ ತಗೊಂಡಿದ್ದು ಎಂಬತ್ತು ಸಾವಿರ ದಾಟಿತ್ತು. ಮರುದಿನ ಪೇಪರಿನಲ್ಲಿ ಓದಿದ್ದು ಮಾತ್ರ 'ಮೋದಿ ಅಲೆಗೆ ಕಾಂಗ್ರೆಸ್ ಕೋಟೆ ಛಿದ್ರ' ಅನ್ನೋ ಧಾಟಿಯದ್ದೇ.

ಪ್ರಸಾದ್ ಅವರನ್ನೇ ತಗೊಳ್ಳಿ. ಇದೇ ಕ್ಷೇತ್ರದಿಂದ ಆರು ಸಲ ಸಂಸದ. 1980, 84, 89, 91ರಲ್ಲಿ ಕಾಂಗ್ರೆಸ್, 1999ರಲ್ಲಿ ಜೆಡಿಯು, 2019ರಲ್ಲಿ ಬಿಜೆಪಿ. ಕೈ, ಬಾಣ, ಕಮಲ. ಜನ ಓಟು ಕೊಟ್ಟಿದ್ದು ಚಿಹ್ನೆಗಾ, ಮನುಷ್ಯನಿಗಾ? 'ಮನುಷ್ಯನಿಗೇ' ಅಂದುಬಿಟ್ಟರೆ ಅದೂ ಪೂರ್ತಿ ಸರಿಯಲ್ಲ. 2016ರಲ್ಲಿ ಮಂತ್ರಿ ಪದವಿ ಹೋದ ಮೇಲೆ ಅವರು ರಾಜೀನಾಮೆ ಕೊಟ್ಟು, ಬಿಜೆಪಿ ಸೇರಿ, 2017ರ ಏಪ್ರಿಲ್‌ನಲ್ಲಿ ನಂಜನಗೂಡು ಉಪಚುನಾವಣೆಗೆ ನಿಂತಾಗ ಇದೇ ಜನ 21 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದ್ದರು. ಅತ್ತ ಟಿ. ನರಸೀಪುರದಲ್ಲಿ 2018ರಲ್ಲಿ ಹಾಲಿ ಮಂತ್ರಿ ಎಚ್.ಸಿ. ಮಹದೇವಪ್ಪನವರನ್ನು ಜೆಡಿಎಸ್‌ನ ಅಶ್ವಿನ್ ಕುಮಾರ್ ಸೋಲಿಸಿದರು. 2023ರಲ್ಲಿ ಮತ್ತೆ ಮಹದೇವಪ್ಪನವರೇ ಗೆದ್ದರು. ಯಾರ ಜೇಬಲ್ಲೂ ಕೂತ ಜನ ಇವರಲ್ಲ. 'ಹಳ್ಳಿಯವರು ದುಡ್ಡಿಗೆ ಓಟು ಹಾಕ್ತಾರೆ' ಅಂತ ಆಫೀಸ್ ಕ್ಯಾಂಟೀನಲ್ಲಿ ತೀರ್ಪು ಕೊಡುವ ಗೆಳೆಯರೇ, 2024ರ ಏಪ್ರಿಲ್ 26, ಶುಕ್ರವಾರ, ಚಾಮರಾಜನಗರದಲ್ಲಿ ಶೇ. 76ಕ್ಕೂ ಹೆಚ್ಚು ಜನ ಓಟು ಹಾಕಿದರು. ನಮ್ಮ ಬೆಂಗಳೂರಿನ ಮೂರು ನಗರ ಕ್ಷೇತ್ರಗಳಲ್ಲಿ ಶೇ. 53-54. ಲಾಂಗ್ ವೀಕೆಂಡ್ ಇತ್ತಲ್ಲ, ಇರಲಿ ಬಿಡಿ.

ನನ್ನ ತಕರಾರು ಮತದಾರರ ಬಗ್ಗೆ ಅಲ್ಲವೇ ಅಲ್ಲ. ಮತಯಂತ್ರದ ಮುಂದೆ ನಿಲ್ಲುವ ಹೊತ್ತಿಗೆ ಅವರ ಆಯ್ಕೆಯನ್ನ ಬೇರೆ ಯಾರೋ ಮಾಡಿ ಮುಗಿಸಿರ್ತಾರೆ, ಬಿ ಫಾರಂ ಅನ್ನೋ ಕಾಗದದಲ್ಲಿ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ನಂಜನಗೂಡು ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಕೇರಿಗಳಿಂದ ಹೊಸ ಮುಖಗಳು ಬರಬಹುದು ಅನ್ನೋ ಆಸೆ ಎಷ್ಟೋ ಜನಕ್ಕೆ ಇತ್ತು. ಬಂದವರನ್ನ ನೋಡಿ. 2018ರಲ್ಲಿ ಗೆದ್ದ ಬಿಜೆಪಿಯ ಹರ್ಷವರ್ಧನ್ ಪ್ರಸಾದ್ ಅವರ ಅಳಿಯ. 2023ರಲ್ಲಿ ಗೆದ್ದ ಕಾಂಗ್ರೆಸ್ಸಿನ ದರ್ಶನ್ ಧ್ರುವನಾರಾಯಣ ಅವರ ಮಗ. 2024ರ ಸಂಸದ ಸುನಿಲ್ ಬೋಸ್ ಮಹದೇವಪ್ಪನವರ ಮಗ. ಕುಟುಂಬ ರಾಜಕಾರಣದ ವಿರುದ್ಧ ದೆಹಲಿಯಲ್ಲಿ ಭಾಷಣ ಮಾಡುವ ಪಕ್ಷವೂ, ಸಾಮಾಜಿಕ ನ್ಯಾಯ ಅನ್ನುವ ಪಕ್ಷವೂ ನಂಜನಗೂಡಿನ ರಥಬೀದಿಗೆ ಬಂದಾಗ ಹುಡುಕೋದು ಅದೇ ಎರಡು ಮೂರು ಮನೆಗಳ ಬಾಗಿಲು.

ದರ್ಶನ್ ವಿಷಯದಲ್ಲಿ ನಾನು ಸ್ವಲ್ಪ ಮೆತ್ತಗಾಗ್ತೀನಿ. 2023ರ ಮಾರ್ಚ್‌ನಲ್ಲಿ, ಚುನಾವಣೆಗೆ ಎರಡು ತಿಂಗಳೂ ಇಲ್ಲದಾಗ ಧ್ರುವನಾರಾಯಣ ತೀರಿಕೊಂಡರು. ಊರೂರು ತಿರುಗಿದ್ದ ಮನುಷ್ಯ, ಜನ ಅತ್ತಿದ್ದು ನಿಜ. ಜೆಡಿಎಸ್ ಅಭ್ಯರ್ಥಿಯನ್ನೇ ಹಾಕಲಿಲ್ಲ. ಒಳ್ಳೆಯ ನಡೆ ಅಂತ ಎಲ್ಲರೂ ಹೊಗಳಿದರು, ನಾನೂ ಕೂಡ. ಆದರೆ ಆ ಸೌಜನ್ಯದಲ್ಲಿ ಮತದಾರನ ಪಾಲಿನ ಒಂದು ಆಯ್ಕೆ ಕಡಿಮೆಯಾಯ್ತು ಅಂತ ಯಾವ ಪ್ಯಾನೆಲ್ಲಿನಲ್ಲೂ ಯಾರೂ ಅನ್ನಲಿಲ್ಲ.

ಆಯ್ಕೆಗೆ ಮೊದಲು ಬರೋ ಖರ್ಚಿನ ಲೆಕ್ಕ ಅಂತೂ ಯಾವ ವಿಶ್ಲೇಷಕನಿಗೂ ಬೇಡ. ಮೀಸಲು ಕ್ಷೇತ್ರದಲ್ಲಿ ವಿಧಾನಸಭೆಗೆ ನಿಲ್ಲೋ ಪರಿಶಿಷ್ಟ ಜಾತಿಯವರು ಚುನಾವಣಾಧಿಕಾರಿ ಹತ್ರ ಕಟ್ಟಬೇಕಾದ ಠೇವಣಿ 5,000 ರೂಪಾಯಿ, ಲೋಕಸಭೆಗೆ 12,500. 2023ರ ವಿಧಾನಸಭೆಗೆ ಕಾಂಗ್ರೆಸ್ ಟಿಕೆಟ್ ಕೇಳೋಕೆ ಅರ್ಜಿ ಶುಲ್ಕ ಐದು ಸಾವಿರ, ಜೊತೆಗೆ ಪರಿಶಿಷ್ಟರಿಗೆ 'ರಿಯಾಯಿತಿ' ದರದಲ್ಲಿ ಒಂದು ಲಕ್ಷದ ಡಿಡಿ. ಕೇಳೋಕೆ ಮಾತ್ರ, ಸಿಗೋಕಲ್ಲ. ಅಂದ್ರೆ ಸರ್ಕಾರ ಕೇಳೋ ಠೇವಣಿಯ ಇಪ್ಪತ್ತೊಂದು ಪಟ್ಟು ದುಡ್ಡು ಪಕ್ಷದ ಬಾಗಿಲು ತಟ್ಟೋಕೇ ಬೇಕು. ಲೋಕಸಭಾ ಅಭ್ಯರ್ಥಿ ಮಾಡಬಹುದಾದ ವೆಚ್ಚಕ್ಕೆ 95 ಲಕ್ಷದ ಮಿತಿ ಇದೆ, ಪಕ್ಷ ಮಾಡೋ ವೆಚ್ಚಕ್ಕೆ ಮಿತಿಯೇ ಇಲ್ಲ. ಟಿ. ನರಸೀಪುರದ ಪಕ್ಕದ ಹಳ್ಳಿಯಲ್ಲಿ ಸ್ತ್ರೀಶಕ್ತಿ ಸಂಘ ನಡೆಸುತ್ತಾ ಪಂಚಾಯ್ತಿ ಸದಸ್ಯೆಯಾದ ಒಬ್ಬ ಹೆಣ್ಣುಮಗಳು ಈ ಲೆಕ್ಕದಲ್ಲಿ ಎಲ್ಲಿ ನಿಲ್ಲಬೇಕು?

2024ರಲ್ಲಿ ಈ ಭಾಗದ ಫಲಿತಾಂಶಕ್ಕೆ 'ಮಹಿಳೆಯರ ಗ್ಯಾರಂಟಿ ಅಲೆ' ಅಂತಲೂ ಒಂದು ಹೆಸರಿಟ್ಟರು. ಗೃಹಲಕ್ಷ್ಮಿಯ ಎರಡು ಸಾವಿರ, ಬಸ್ಸಿನ ಉಚಿತ ಟಿಕೆಟ್ಟು, ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ವರುಣ ಇದೇ ಕ್ಷೇತ್ರದಲ್ಲಿ ಇರೋದು, ಎಲ್ಲಾ ಸೇರಿ ಕೆಲಸ ಮಾಡಿರಬಹುದು, ಇಲ್ಲ ಅನ್ನಲ್ಲ. ಆದರೆ ಚಾಮರಾಜನಗರ ಲೋಕಸಭಾ ಕ್ಷೇತ್ರದಿಂದ 1962ರಲ್ಲಿ ಗೆದ್ದ ಎಸ್.ಎಂ. ಸಿದ್ದಯ್ಯನವರಿಂದ ಹಿಡಿದು ಸುನಿಲ್ ಬೋಸ್‌ವರೆಗೆ ದೆಹಲಿಗೆ ಹೋದವರ ಪಟ್ಟಿಯಲ್ಲಿ ಒಬ್ಬ ಮಹಿಳೆಯ ಹೆಸರೂ ಇಲ್ಲ.